ಸ್ಪಷ್ಟನೆ: ಗವಾನ್ ಮದರಸಾ ಕೆಡವಿಸಿದ್ದು ಸುಲ್ತಾನನಲ್ಲ

ಹದಿಹರೆಯದವರಿಗಾಗಿ ನಾನು ಬರೆದ ಕಾದಂಬರಿಯ ಒಂದು ಪುಟ ಬೀದರ್‌ನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಅದರ ಮೇಲೆ ಯಾರೋ ಸೇರಿಸಿದ ಒಕ್ಕಣೆ: ‘ಮಹಮೂದ್ ಗವಾನನ ತಲೆ ತೆಗೆಸಿದ ದಿನವೇ ಸುಲ್ತಾನ ಅವನ ಮದರಸಾವನ್ನೂ ಕೆಡವಿಸಿದ, ಒಬ್ಬ ಹುಡುಗಿ ಗ್ರಂಥಗಳನ್ನು ಉಳಿಸಿದಳು.’ ಗವಾನ್ ಬಹಮನಿ ಸುಲ್ತಾನರ ಮಂತ್ರಿ, ಬೀದರ್‌ನ ಈ ಮದರಸಾ ಕಟ್ಟಿಸಿದವನು. ಆದರೆ ಆ ಒಕ್ಕಣೆ ಇತಿಹಾಸವಲ್ಲ. ನನ್ನ ಕಾದಂಬರಿಯಲ್ಲೂ ಸುಲ್ತಾನ ಮದರಸಾ ಕೆಡವಿಸುವುದಿಲ್ಲ.

ಹುಡುಗಿ ನನ್ನ ಕಲ್ಪನೆ. ಗವಾನನ ಸಾವು ನಿಜ, ಕಲ್ಪನೆಗಿಂತ ಘೋರ. ವೈರಿಗಳು ಮುದ್ರೆ ಕಾಯುವವನನ್ನು ಕೈವಶ ಮಾಡಿಕೊಂಡು, ಖಾಲಿ ಕಾಗದಕ್ಕೆ ಗವಾನನ ಮುದ್ರೆ ಒತ್ತಿಸಿದರು. ಅದರ ಮೇಲೆ ಒಡಿಶಾದ ರಾಜನಿಗೆ ದ್ರೋಹದ ಪತ್ರ ಬರೆದು, ಗವಾನನೇ ಬರೆದದ್ದೆಂದು ಸುಲ್ತಾನನಿಗೆ ತೋರಿಸಿದರು. ಸುಲ್ತಾನ ಮೂರನೇ ಮುಹಮ್ಮದ್ ಷಾ ಸರಿಯಾದ ವಿಚಾರಣೆಯನ್ನೇ ನಡೆಸದೆ 1481ರಲ್ಲಿ ಆ ವೃದ್ಧ ಮಂತ್ರಿಯನ್ನು ಕೊಲ್ಲಿಸಿದ.

1472ರಲ್ಲಿ ಕಟ್ಟಿದ ಮದರಸಾ ಆಮೇಲೂ ಇನ್ನೂರು ವರ್ಷ ಗಟ್ಟಿಯಾಗಿಯೇ ನಿಂತಿತ್ತು. ಅದು ಒಡೆದದ್ದು 17ನೇ ಶತಮಾನದ ಕೊನೆಗೆ, ಔರಂಗಜೇಬನ ಕಾಲದಲ್ಲಿ, ಒಳಗಿಟ್ಟಿದ್ದ ಸಿಡಿಮದ್ದು ಸ್ಫೋಟಿಸಿ. ಎದುರು ನಿಂತು ನೋಡಿದರೆ ಗೊತ್ತಾಗುತ್ತದೆ: ಎರಡು ಮಿನಾರುಗಳಲ್ಲಿ ಒಂದೇ ಉಳಿದಿದೆ, ಅದರ ಮೈಮೇಲೆ ಇನ್ನೂ ನೀಲಿ ಹಂಚಿನ ತುಣುಕುಗಳಿವೆ, ಆಗ್ನೇಯ ಭಾಗ ಹಾರಿಹೋಗಿದೆ.

ನಮ್ಮ ಮಕ್ಕಳು ಆ ಸುಳ್ಳನ್ನು ಪರೀಕ್ಷೆಯಲ್ಲಿ ಬರೆಯುವ ಮೊದಲು ಆ ಒಕ್ಕಣೆ ಅಳಿಸಿಬಿಡಿ, ದಯವಿಟ್ಟು. ಪುಟ ಹಂಚುವುದಾದರೆ ‘ಕಾದಂಬರಿಯ ಭಾಗ’ ಎಂದು ಬರೆದೇ ಹಂಚಿ.