ಎರಡೇ ದಿನದಲ್ಲಿ ಐಸಿಎಫ್ ಕೋಚ್? ಆಗುವುದಿಲ್ಲ

'ಶನಿವಾರ, ಭಾನುವಾರ ತರಬೇತಿಗೆ ಬನ್ನಿ, ಸೋಮವಾರದಿಂದ ನೀವೂ ಐಸಿಎಫ್ ಕೋಚ್' ಅನ್ನುವ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಸುಳ್ಳು. ಐಸಿಎಫ್ (ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಶನ್) ಅಂದರೆ 1995ರಲ್ಲಿ ಅಮೆರಿಕದಲ್ಲಿ ಶುರುವಾದ ಕೋಚ್‌ಗಳ ಸಂಘ. ಇಲ್ಲಿ ಕೋಚ್ ಅಂದರೆ ಆಟ ಕಲಿಸುವವರಲ್ಲ, ಪ್ರಶ್ನೆ ಕೇಳುತ್ತಾ ಕೆಲಸದಲ್ಲೋ ಬದುಕಲ್ಲೋ ನಮ್ಮ ದಾರಿ ನಾವೇ ಕಂಡುಕೊಳ್ಳಲು ನೆರವಾಗುವವರು. ಅದು ಕೊಡುವ ಅರ್ಹತಾ ಪತ್ರಗಳಲ್ಲಿ ಮೊದಲ ಮೆಟ್ಟಿಲಾದ ಎಸಿಸಿಗೇ (ಅಸೋಸಿಯೇಟ್ ಸರ್ಟಿಫೈಡ್ ಕೋಚ್) ಕನಿಷ್ಠ 60 ಗಂಟೆ ತರಬೇತಿ, 100 ಗಂಟೆ ಕೋಚಿಂಗ್ ಅನುಭವ ಬೇಕು, ಆಮೇಲೆ ಪರೀಕ್ಷೆ ಬೇರೆ. ಇಷ್ಟು ಸಾಲದು ಅಂತ 10 ಗಂಟೆ ಮೆಂಟರ್ ಕೋಚಿಂಗ್ ಕೂಡ ಇದೆ, ಅದನ್ನು ಕಮ್ಮಿ ಅಂದರೂ ಮೂರು ತಿಂಗಳಿಗೆ ಹಂಚಿಕೊಂಡೇ ಮಾಡಬೇಕು. ನೀವು ಕೋಚಿಂಗ್ ಮಾಡಿದ ರೀತಿ ನೋಡಿ, ಎಲ್ಲಿ ಪ್ರಶ್ನೆ ಕೇಳಬೇಕಿತ್ತೋ ಅಲ್ಲಿ ಸುಮ್ನೆ ಬುದ್ಧಿ ಹೇಳಿಬಿಟ್ಟಿರಿ ಅಂತ ಅನುಭವಿಗಳು ತಿದ್ದುವುದು ಇಲ್ಲೇ. ನನ್ನ ಪ್ರಕಾರ ಜಾಸ್ತಿ ಕಲಿಯುವುದೂ ಇಲ್ಲೇ.

ಅದೇ ಸಂದೇಶದಲ್ಲಿ 'ಗ್ರೋ' ಮಾದರಿ (ಗುರಿ, ಈಗಿನ ಸ್ಥಿತಿ, ಆಯ್ಕೆಗಳು, ಮುಂದಿನ ಹೆಜ್ಜೆ ಅಂತ ಕೋಚಿಂಗ್ ಮಾತುಕತೆ ನಡೆಸುವ ಕ್ರಮ) ಬ್ರಿಟನ್ನಿನ ಕೋಚ್ ಜಾನ್ ವಿಟ್ಮೋರ್ ಒಬ್ಬರದ್ದೇ ಅಂತಲೂ ಇದೆ. ಅದನ್ನು ಜನಪ್ರಿಯ ಮಾಡಿದವರು ಅವರೇ, ನಿಜ. ಆದರೆ 1980ರ ದಶಕದಲ್ಲಿ ಅದನ್ನು ಕಟ್ಟಿದ್ದರಲ್ಲಿ ಗ್ರಹಾಂ ಅಲೆಕ್ಸಾಂಡರ್, ಅಲನ್ ಫೈನ್ ಅವರ ಪಾಲೂ ಇದೆ.

ಎರಡು ದಿನದ ಕಾರ್ಯಾಗಾರಕ್ಕೆ ಹೋಗಬೇಡಿ ಅಂತಲ್ಲ. ದುಡ್ಡು ಕಟ್ಟುವ ಮೊದಲು ಒಂದೇ ಮಾತು ಕೇಳಿ: ಈ ಕೋರ್ಸ್‌ಗೆ ಐಸಿಎಫ್ ಮಾನ್ಯತೆ ಇದೆಯಾ, ಇದ್ದರೆ ಎಷ್ಟು ಗಂಟೆಗೆ?