ವೇಷ ಇಲ್ಲದ ಪದ

ಸೊಸೆ, ಅಂದರೆ ಅಕ್ಕನ ಮಗಳು, ಬೆಂಗಳೂರಿನಿಂದ ಫೋನ್ ಮಾಡಿ, "ಮಾವ, ಇಂಡಿ ಪಾಪ್ ಕೇಳ್ಲೆ ಬತ್ತಿರೋ?" ಎಂದಾಗ ನನಗೆ ಕೇಳಿಸಿದ್ದು ಹಿಂಡಿ. ದನದ ಕೊಟ್ಟಿಗೆಯಲ್ಲಿ ನಿಂತಿದ್ದೆ, ಅದಕ್ಕೇ ಇರಬೇಕು. "ಹಿಂಡಿ ಇಲ್ಲಿ ಬದಿಯಡ್ಕಲ್ಲೇ ಸಿಕ್ಕುತ್ತು" ಎಂದೆ. ನಕ್ಕು ಸುಸ್ತಾದ ಮೇಲೆ ಅವಳು ಬಿಡಿಸಿ ಹೇಳಿದಳು. ಸಿನಿಮಾದ ಹಂಗಿಲ್ಲದೆ ತಾನೇ ಬರೆದು, ತಾನೇ ರಾಗ ಕೂಡಿಸಿ, ತಾನೇ ಹಾಡುವವರ ಹಾಡಂತೆ. ಈ ಸಲದವನು ಪ್ರತೀಕ್ ಕುಹಾಡ್, ಜೈಪುರದ ಹುಡುಗ. ನ್ಯೂಯಾರ್ಕಿನಲ್ಲಿ ಗಣಿತ, ಅರ್ಥಶಾಸ್ತ್ರ ಓದಿ, ಕೊನೆಗೆ ಗಿಟಾರ್ ಹಿಡಿದವನು. 2019ರಲ್ಲಿ ಒಬಾಮಾ ತನಗೆ ಇಷ್ಟವಾದ ಹಾಡುಗಳ ಪಟ್ಟಿಯಲ್ಲಿ ಇವನದ್ದೂ ಒಂದನ್ನು ಸೇರಿಸಿದ್ದರು. ಒಬಾಮಾಗೆ ಆಗುವುದಾದರೆ ನನಗೂ ಆದೀತು ಎಂದು ಸಂಜೆ ಕಾಸರಗೋಡಿನಲ್ಲಿ ಬೆಂಗಳೂರು ರೈಲು ಹತ್ತಿದೆ.

ಕಾರ್ಯಕ್ರಮದ ಗೇಟಿನಲ್ಲೇ ಸಿಕ್ಕಿಬಿದ್ದೆ. ಎಲೆಯಡಿಕೆ ಚೀಲದೊಳಗೆ ನನ್ನ ಅಡಕತ್ತರಿ ಇತ್ತು. ಕಾವಲಿನ ಹುಡುಗ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದು ಏನು ಸಾರ್, ಆಯುಧವಾ?" ಎಂದ. ಅಡಿಕೆ ಬೆಳೆಯುವವನ ಕಷ್ಟ ಅವನಿಗೆ ಹೇಗೆ ಗೊತ್ತಾಗಬೇಕು? ಸೆಂಟಿನ ಬಾಟಲಿಗಳ ರಾಶಿಯಲ್ಲಿ ಅದನ್ನು ಬಿಟ್ಟು ಒಳಗೆ ಹೋದೆ. ಒಳಗೆ ಕುರ್ಚಿಯೇ ಇಲ್ಲ. "ಕೂಬಲೆ ಇಲ್ಲೆ ಮಾವ, ನಿಂದೊಂಡೇ ಕೇಳೆಕ್ಕು." ನಮ್ಮ ಯಕ್ಷಗಾನದ ಆಟದಲ್ಲಾದರೆ ಚಾಪೆ ಹಾಸಿ, ನಡುವೆ ಒಂದು ನಿದ್ದೆ ತೆಗೆದು, ಚೆಂಡೆ ಬಿದ್ದಾಗ ಏಳಬಹುದು. ಯಾರೂ ಏನೂ ಹೇಳುವುದಿಲ್ಲ.

ಹುಡುಗ ಬಂದ. ಸುಮ್ನೆ ಬಂದ, ಅಷ್ಟೆ. ಕಿರೀಟ ಇಲ್ಲ, ಪ್ರವೇಶದ ಅಬ್ಬರ ಇಲ್ಲ. ಮಾತೂ ಕಮ್ಮಿ. ಗಿಟಾರಿನ ಕತ್ತಿಗೆ ಬಟ್ಟೆ ಒಣಗಿಸುವ ಕ್ಲಿಪ್ಪಿನಂಥದ್ದೊಂದನ್ನು ಸಿಕ್ಕಿಸಿದ. ಅದು ಕೇಪೊ, ತಂತಿಯ ಉದ್ದ ಕಡಿಮೆ ಮಾಡಿ ಶ್ರುತಿ ಏರಿಸುತ್ತದೆ ಎಂದು ಸೊಸೆ ಕಿವಿಯಲ್ಲಿ ಹೇಳಿದಳು. ಒಂದು ಹಾಡು ಹಿಂದಿಯದ್ದು, ಒಂದು ಇಂಗ್ಲಿಷಿನದ್ದು. ನನಗೆ ಅರ್ಧ ಅರ್ಥ ಆಯಿತು. ಉಳಿದರ್ಧವೂ ಹೆಚ್ಚುಕಮ್ಮಿ ಅದೇ ಇರಬೇಕು: ನಾನು ಹೀಗೆ ಮಾಡಿದೆ, ನೀನು ಹೋದೆ, ನನಗೆ ಹೀಗಾಯಿತು.

ಈ 'ನಾನು' ನನ್ನನ್ನು ಸ್ವಲ್ಪ ಕಾಡಿತು. ನಮ್ಮಲ್ಲಿ ಭಾಗವತರು ಚಂದ್ರಮತಿಯ ದುಃಖ ಹಾಡುತ್ತಾರೆ. ಹಾಡುವವರು ಹಿಂದೆ, ಅಳುವ ವೇಷ ಮುಂದೆ. ಕೇಳುವ ನಾವು ಅಳುವುದೂ ಚಂದ್ರಮತಿಗಾಗಿಯೇ. ಕನಿಷ್ಠ ಪಕ್ಕದವರಿಗೆ ಹಾಗೆ ಹೇಳಬಹುದು. ಎಷ್ಟು ಅನುಕೂಲ ಅಲ್ವಾ? ಯಕ್ಷಗಾನದ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರಾದ ನಾವು ತಲೆತಲಾಂತರದಿಂದ ಹೀಗೇ ಅತ್ತವರು. ಅಪ್ಪ ಸತ್ತ ವರ್ಷ ನನ್ನ ಕಣ್ಣು ಒದ್ದೆಯಾದದ್ದು ಮನೆಯಲ್ಲಲ್ಲ. ಒಂದು ಬಯಲಾಟದಲ್ಲಿ, ದಶರಥ ಸಾಯುವ ಹೊತ್ತಿಗೆ. ಈ ಹುಡುಗನ ಮುಂದೆ ದಶರಥನೂ ಇಲ್ಲ, ಚಂದ್ರಮತಿಯೂ ಇಲ್ಲ. ಇರುವುದು ಒಂದು ಮೈಕು.

ಇನ್ನೊಂದು ತೊಡಕೂ ಇದೆ. ನಮ್ಮ ಕಡೆಯವನು 'ನಾನು' ಅನ್ನುವುದಾದರೂ ಹೇಗೆ? ಮನೆಯಲ್ಲಿ ಹವ್ಯಕದ 'ಆನು', ತೋಟದ ಕೆಲಸದವರ ಹತ್ತಿರ ತುಳುವಿನ 'ಯಾನ್', ಬಸ್ಸಿನಲ್ಲಿ ಮಲಯಾಳದ 'ಞಾನ್'. 'ನಾನು' ಇರುವುದು ಶಾಲೆಗೆ, ಸಭೆಗೆ, ಈ ಬರಹಕ್ಕೆ. ಇದರಲ್ಲಿ ಯಾವುದಕ್ಕೆ ಬೇಸರವಾದದ್ದು ಎಂದು ನೋಡುವಷ್ಟರಲ್ಲಿ ಬೇಸರವೇ ಹೋಗಿರುತ್ತದೆ. ಎರಡು ಭಾಷೆಯಲ್ಲೂ ಒಂದೇ ಸಂಕಟವನ್ನು ಹಾಡುವ ಈ ಹುಡುಗ ನನಗೆ ಹಿಡಿಸಿದ್ದು ಬಹುಶಃ ಅದಕ್ಕೇ.

ಅಷ್ಟರಲ್ಲಿ ಸುತ್ತ ಇದ್ದವರೆಲ್ಲ ಹಾಡತೊಡಗಿದರು. ಅವನು ಮೆಲ್ಲಗೆ, ತನಗೆ ತಾನೇ ಎಂಬಂತೆ ಹಾಡುತ್ತಿದ್ದ. ಇವರೆಲ್ಲ ಒಕ್ಕೊರಲಿನಲ್ಲಿ. ಒಬ್ಬನ ಒಂಟಿತನಕ್ಕೆ ಇಷ್ಟು ಜನ ಹಿಮ್ಮೇಳ! ನಗು ಬಂತು. ನಗುತ್ತಾ ಬದಿಗೆ ತಿರುಗಿದರೆ ಪಕ್ಕದ ಹುಡುಗನೊಬ್ಬ ಅಂಗಿಯ ತೋಳಲ್ಲಿ ಕಣ್ಣು ಒರೆಸುತ್ತಿದ್ದ. ನನ್ನನ್ನು ಕಂಡರೂ ನಾಚಲಿಲ್ಲ. ಒಂದು ಎಲೆಯಡಿಕೆ ಕೊಡೋಣ ಅನ್ನಿಸಿತು. ಆದರೆ ಅಡಕತ್ತರಿ ಗೇಟಿನಲ್ಲಿತ್ತಲ್ಲ, ನಾನೂ ಸುಮ್ಮನೆ ನಿಂತೆ. ಸ್ವಲ್ಪ ಹೊತ್ತಿಗೆ ನನಗೂ ಗಂಟಲು ಕಟ್ಟಿತು. ಹಾಡು ಇಂಗ್ಲಿಷಿನದ್ದು. ಯಾಕೆ ಎಂದು ಕೇಳಿದರೆ ತೋರಿಸಲು ಒಬ್ಬ ದಶರಥನೂ ಇರಲಿಲ್ಲ. ಸೊಸೆ ನೋಡಿದಳೋ ಇಲ್ಲವೋ ಗೊತ್ತಿಲ್ಲ. ನೋಡಿದ್ದರೂ ಕೇಳಲಿಲ್ಲ, ಒಳ್ಳೆಯ ಹುಡುಗಿ.

ಅಡಕತ್ತರಿ ವಾಪಸು ಸಿಕ್ಕಿತು.

ಊರಿಗೆ ಬಂದು ಮೂರನೇ ದಿನ, ತೋಟದಲ್ಲಿ ಸೋಗೆ ಎಳೆಯುತ್ತಾ ಆ ರಾಗವನ್ನೇ ಗುನುಗುತ್ತಿದ್ದೆನಂತೆ. ಕೆಲಸದವನು ಕೈ ನಿಲ್ಲಿಸಿ ಕೇಳಿದ, "ಅಣ್ಣೇರೇ, ಅವು ಒವು ಪದ?"

"ಹರಿಶ್ಚಂದ್ರದ್ದು ಮಾರಾಯ" ಎಂದುಬಿಟ್ಟೆ.