ಕೆಟ್ಟ ರಸ್ತೆಯ ಆರೈಕೆ

ರಸ್ತೆ ಕೆಟ್ಟರೆ ರಿಪೇರಿ ಮಾಡಿಸುವುದು ಲೋಕರೂಢಿ. ಉತ್ತರ ಫ್ರಾನ್ಸಿನಲ್ಲಿ ಮಾತ್ರ ಕೆಲವು ರಸ್ತೆಗಳನ್ನು ಅವು ಎಲ್ಲಿ ಒಳ್ಳೆಯವಾಗಿಬಿಡುತ್ತವೋ ಎಂಬ ಎಚ್ಚರದಿಂದಲೇ ರಿಪೇರಿ ಮಾಡುತ್ತಾರೆ. ಹೊಲಗಳ ನಡುವೆ ಹಾಯುವ, ಟ್ರ್ಯಾಕ್ಟರು ಬಿಟ್ಟು ಮಿಕ್ಕ ವಾಹನಗಳು ಆದಷ್ಟು ತಪ್ಪಿಸಿಕೊಳ್ಳುವ ಕಲ್ಲುಹಾಸಿನ ದಾರಿಗಳು ಅವು. ಏಪ್ರಿಲ್‌ನ ಒಂದು ಭಾನುವಾರ ಸುಮಾರು 175 ವೃತ್ತಿಪರ ಸೈಕಲ್ ಸವಾರರು ಅವುಗಳ ಮೇಲೆ ಹಲ್ಲು ಕಚ್ಚಿಕೊಂಡು ಹಾಯುತ್ತಾರೆ. ಪ್ಯಾರಿಸ್–ರೂಬೆ ಎಂಬ ಈ ಒಂದು ದಿನದ ರೇಸ್ ಶುರುವಾದದ್ದು 1896ರಲ್ಲಿ. ಪ್ಯಾರಿಸ್ ಈಗ ಹೆಸರಿಗಷ್ಟೇ. 1977ರಿಂದ ಸವಾರರು ಹೊರಡುವುದು ಕೊಂಪಿಯೆನ್ ಊರಿನಿಂದ. ಅಲ್ಲಿಂದ ರೂಬೆ ಊರಿನ ವೆಲೊಡ್ರೋಮಿಗೆ, ಅಂದರೆ ಸೈಕಲ್ ರೇಸಿನ ಕ್ರೀಡಾಂಗಣಕ್ಕೆ, ಹತ್ತಿರ ಹತ್ತಿರ 260 ಕಿಲೋಮೀಟರ್. ಅದರಲ್ಲಿ ಕಲ್ಲಿನ ಪಾಲು 55 ಕಿಲೋಮೀಟರ್, ಮೂವತ್ತರ ಆಸುಪಾಸಿನಷ್ಟು ತುಂಡುಗಳಲ್ಲಿ.

ಇದಕ್ಕೆ 'ಉತ್ತರದ ನರಕ' ಎಂಬ ಅಡ್ಡಹೆಸರಿದೆ. ಕಲ್ಲು ಕಂಡು ಇಟ್ಟ ಹೆಸರಲ್ಲ. ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರಲ್ಲಿ, ದಾರಿ ಉಳಿದಿದೆಯೋ ಇಲ್ಲವೋ ಎಂದು ನೋಡಲು ಹೋದವರಿಗೆ ಸುಟ್ಟ ಮರಗಳು, ಗುಂಡಿಬಿದ್ದ ನೆಲ ಕಂಡು ಹುಟ್ಟಿದ ಮಾತು ಅದು. ಕಲ್ಲು ಆಗ ಯಾರಿಗೂ ವಿಶೇಷವಾಗಿರಲಿಲ್ಲ. ರಸ್ತೆ ಎಂದರೇ ಅದು.

ತೊಂದರೆ ಬಂದದ್ದು ಟೀವಿಯಿಂದ. 1960ರಲ್ಲಿ ನೇರ ಪ್ರಸಾರ ಆರಂಭವಾದದ್ದೇ ತಡ, ತಮ್ಮೂರಿನ ಹಾಳು ರಸ್ತೆಯನ್ನು ದೇಶವೆಲ್ಲ ನೋಡುತ್ತಿದೆಯಲ್ಲ ಎಂದು ಊರುಗಳ ಮೇಯರುಗಳಿಗೆ ನಾಚಿಕೆಯಾಯಿತು. ಡಾಂಬರು ಬಂತು. 1965ರ ಹೊತ್ತಿಗೆ ರೇಸಿನಲ್ಲಿ ಉಳಿದ ಕಲ್ಲು 22 ಕಿಲೋಮೀಟರ್. ರೇಸ್ ನಡೆಸುವವರು ಆಮೇಲೆ ಹಳ್ಳಿಹಳ್ಳಿ ತಿರುಗಿ ಕೆಟ್ಟ ರಸ್ತೆ ಇದೆಯೇ ಎಂದು ವಿಚಾರಿಸಬೇಕಾಯಿತು. ಆಗ ಆರೆನ್‌ಬರ್ಗ್ ಕಾಡಿನ ದಾರಿಯನ್ನು ತೋರಿಸಿಕೊಟ್ಟವನು ಜಾನ್ ಸ್ಟಾಬ್ಲಿನ್‌ಸ್ಕಿ. ಆ ನೆಲದ ಅಡಿಯ ಗಣಿಯಲ್ಲಿ ಕೆಲಸ ಮಾಡಿ, ಆ ಮೇಲೆ ವಿಶ್ವ ಚಾಂಪಿಯನ್ ಆದ ಸವಾರ. 1968ರಿಂದ ಆ ದಾರಿ ಈ ರೇಸಿನ ಮುಖವೇ ಆಗಿಹೋಗಿದೆ.

ಕೆಟ್ಟ ರಸ್ತೆಯನ್ನು ಹದವಾಗಿ ಕೆಟ್ಟದ್ದಾಗಿ ಇಡುವುದು ಸುಲಭವಲ್ಲ. ಭಾರದ ಟ್ರ್ಯಾಕ್ಟರು ಓಡಾಡಿ ಎರಡೂ ಬದಿಯ ಕಲ್ಲು ತಗ್ಗುತ್ತದೆ, ನಡುವೆ ಆಮೆಬೆನ್ನಿನಂತೆ ಏರು ಉಳಿಯುತ್ತದೆ. ತಗ್ಗಿನಲ್ಲಿ ನೀರು ನಿಂತು ಕಲ್ಲಿನಡಿಯ ಮರಳನ್ನು ಕೊಚ್ಚಿದರೆ ಕಲ್ಲುಗಳು ಬಿಡಿಯಾಗಿ ಅಲುಗಾಡತೊಡಗುತ್ತವೆ. ಒರಟು ಕಲ್ಲು ಇರಲಿ, ಅಲುಗುವ ಕಲ್ಲು ಇರಬಾರದು. ಅದಕ್ಕಾಗಿಯೇ 'ಪ್ಯಾರಿಸ್–ರೂಬೆಯ ಗೆಳೆಯರು' ಎಂಬ ಸ್ವಯಂಸೇವಕರ ಸಂಘವಿದೆ. ತೋಟಗಾರಿಕೆ ಶಾಲೆಯ ವಿದ್ಯಾರ್ಥಿಗಳೂ ಕೈಜೋಡಿಸುತ್ತಾರೆ. ಕುಸಿದ ಕಲ್ಲು ಕಿತ್ತು, ಮಣ್ಣು ಕೆರೆದು, ಹೊಸ ಮರಳು ಹಾಸಿ, ಅದೇ ಕಲ್ಲನ್ನು ಬಿಗಿಯಾಗಿ ಕೂರಿಸಿ ಬಡಿಯುತ್ತಾರೆ. ನೆನಪಿಗೆಂದು ಕಲ್ಲು ಕದ್ದೊಯ್ಯುವ ಅಭಿಮಾನಿಗಳು ಬಿಟ್ಟ ಬಾಯನ್ನೂ ತುಂಬಬೇಕು. ಆರೆನ್‌ಬರ್ಗಿನಲ್ಲಿ ಸಂದಿಯ ಹುಲ್ಲು ಮೇಯಲು ಈಚೆಗೆ ಆಡುಗಳನ್ನೂ ಬಿಟ್ಟದ್ದುಂಟು. ಇಡೀ ಏರ್ಪಾಟಿನಲ್ಲಿ ಖುಷಿಯಿಂದ ದುಡಿಯುವವರು ಬಹುಶಃ ಅವೇ.

ಇಷ್ಟು ಜತನದಿಂದ ಕಾಪಾಡಿದ ಒರಟುತನವನ್ನು ಎದುರಿಸಲು ಸವಾರನ ಬಳಿ ಇರುವುದು ಒಂದಿಷ್ಟು ಗಾಳಿ. ರೇಸಿನ ಹಿಂದಿನ ದಿನ ತಂಡದ ಮೆಕ್ಯಾನಿಕ್ ತಲೆಕೆಡಿಸಿಕೊಳ್ಳುವುದು ಅದರ ಬಗ್ಗೆಯೇ. ಒಂದು ಕಾಲಕ್ಕೆ 25 ಮಿಲಿಮೀಟರ್ ಟೈರಿಗೆ ಐದಾರು ಬಾರ್ ಒತ್ತಡ ತುಂಬುತ್ತಿದ್ದರು. ಈಗ ಟೈರು 30–32 ಮಿಲಿಮೀಟರ್, ಒಳಗೆ ಟ್ಯೂಬಿಲ್ಲ, ಒತ್ತಡ ನಾಲ್ಕು ಬಾರಿನ ಆಚೀಚೆ. ಹಗುರ ಮೈಯವರಿಗೆ ಇನ್ನೂ ಕಡಿಮೆ. ಗಾಳಿ ಹೆಚ್ಚಾದರೆ ಚಕ್ರ ಕಲ್ಲಿಂದ ಕಲ್ಲಿಗೆ ಪುಟಿಯುತ್ತದೆ. ನೆಲ ಬಿಟ್ಟ ಚಕ್ರಕ್ಕೆ ತುಳಿದ ಬಲ ದಂಡ. ಕಡಿಮೆಯಾದರೆ ಕಲ್ಲಿನ ಅಂಚು ಟೈರನ್ನು ರಿಮ್ಮಿಗೆ ಜಜ್ಜುತ್ತದೆ. ಟ್ಯೂಬಿನ ಬದಲು ಟೈರಿನೊಳಗೆ ಹಾಕಿದ ಅಂಟುದ್ರವ ಸಣ್ಣ ತೂತನ್ನೇನೋ ಮುಚ್ಚುತ್ತದೆ, ಟೈರಿನ ಪಕ್ಕೆ ಸೀಳಿದರೆ ಅದರ ಕೈಲೂ ಆಗದು. ಉಳಿದ 200 ಕಿಲೋಮೀಟರ್ ಡಾಂಬರಿನ ಮೇಲೆ ಇದೇ ಗಾಳಿಯಲ್ಲಿ ಓಡಬೇಕು ಎಂಬುದು ಬೇರೆ ಲೆಕ್ಕ.

ಪಂಕ್ಚರ್ ಆದರೆ ಕೈ ಎತ್ತಬಹುದು, ಆದರೆ ಕಿರಿದಾದ ದಾರಿಯಲ್ಲಿ ತಂಡದ ಕಾರು ಎಲ್ಲೋ ಹಿಂದೆ ಸಿಕ್ಕಿಕೊಂಡಿರುತ್ತದೆ. ಅದಕ್ಕೇ ಕಲ್ಲಿನ ತುಂಡುಗಳ ಕೊನೆಯಲ್ಲಿ ಪ್ರತಿ ತಂಡದವರು ಚಕ್ರ, ನೀರಿನ ಬಾಟಲಿ ಹಿಡಿದು ನಿಂತಿರುತ್ತಾರೆ. ಅಲ್ಲಿವರೆಗೆ ಬರಿಯ ರಿಮ್ಮಿನ ಮೇಲೆ ಗಡಗಡಿಸುತ್ತ ಬರುವುದು ಸವಾರನ ಪಾಡು. ಬಾಟಲಿಯದೂ ಒಂದು ಪುರಾಣ: ಅಲುಗಾಟಕ್ಕೆ ಅದು ಗೂಡಿನಿಂದ ಹಾರಿಬಿಡುತ್ತದೆ. ಹಾರದಂತೆ ಗೂಡಿನ ಒಳಮೈಗೆ ಒರಟು ಪಟ್ಟಿ ಅಂಟಿಸುತ್ತಾರೆ.

ತುಂಡುಗಳ ಎಣಿಕೆ ಹಿಂದುಮುಂದು: ದೊಡ್ಡ ಸಂಖ್ಯೆಯಿಂದ ಒಂದಕ್ಕೆ ಇಳಿಯುತ್ತದೆ. ಕಷ್ಟಕ್ಕೆ ತಕ್ಕಂತೆ ನಕ್ಷತ್ರಗಳು. ಆರೆನ್‌ಬರ್ಗ್, ಮೋನ್ಸ್-ಆನ್-ಪೆವೆಲ್, ಕಾರ್ಫೂರ್ ದ ಲಾರ್ಬ್ರ್, ಈ ಮೂರಕ್ಕೆ ಐದೈದು. ನಿಜವಾದ ಜಗಳ ಕಲ್ಲಿಗಿಂತ ಮೊದಲು, ಡಾಂಬರಿನ ಮೇಲೆಯೇ. ಗುಂಪಿನ ಮೊದಲ ಇಪ್ಪತ್ತು ಸವಾರರಲ್ಲಿ ಒಬ್ಬನಾಗಿ ಒಳಗೆ ನುಗ್ಗದಿದ್ದರೆ ಮುಂದೆ ಬಿದ್ದವನ ಹಿಂದೆ ನಿಂತು ಕಾಯಬೇಕು. ಆರೆನ್‌ಬರ್ಗಿನ ಬಾಯಿಗೆ ಆ ಅವಸರದಲ್ಲಿ ಗಂಟೆಗೆ 60 ಕಿಲೋಮೀಟರಿನಂತೆ ನುಗ್ಗುತ್ತಿದ್ದರು. 1998ರಲ್ಲಿ ಬೆಲ್ಜಿಯಂನ ಸವಾರ ಯೋಹಾನ್ ಮ್ಯೂಸೇವ್‌ನ ಮಂಡಿಚಿಪ್ಪು ಪುಡಿಯಾದದ್ದು ಅಲ್ಲೇ. ಗಾಯ ಕೊಳೆತು ಕಾಲೇ ಹೋಗುವುದರಲ್ಲಿತ್ತು. 2000ದಲ್ಲಿ ಗೆದ್ದು ಗುರಿ ದಾಟುವಾಗ ಆತ ಜನಕ್ಕೆ ತೋರಿಸಿದ್ದು ಅದೇ ಮಂಡಿಯನ್ನು.

ಒಳಹೊಕ್ಕ ಮೇಲೆ ಬುದ್ಧಿ ಯಾವುದನ್ನು ಬೇಡವೆನ್ನುತ್ತದೋ ಅದನ್ನೇ ಮಾಡಬೇಕು. ಭಾರದ ಗೇರ್ ಹಾಕಿ, ತುಳಿತ ನಿಲ್ಲಿಸದೆ, ನಡುವಿನ ಏರಿನ ಮೇಲೇ ಸಾಗಬೇಕು. ವೇಗ ಇಳಿಸಿದಷ್ಟೂ ಪ್ರತಿ ಕಲ್ಲೂ ಪ್ರತ್ಯೇಕವಾಗಿ ಗುದ್ದುತ್ತದೆ. ಹೆದರಿದವನ ಕೈ ತಾನಾಗಿ ಹ್ಯಾಂಡಲನ್ನು ಬಿಗಿಹಿಡಿಯುತ್ತದೆ; ಹಿಡಿದರೆ ನಡುಕವೆಲ್ಲ ನೇರ ತೋಳಿಗೆ, ಭುಜಕ್ಕೆ. ಸಡಿಲ ಬಿಟ್ಟು, ಸೈಕಲ್ಲು ತನ್ನ ದಾರಿ ತಾನೇ ಹುಡುಕಲಿ ಎನ್ನಬೇಕು. ಮಳೆ ಬಂದರೆ ಈ ಉಪದೇಶಕ್ಕೂ ಬೆಲೆಯಿಲ್ಲ. 2002ರ ನಂತರ ಸರಿಯಾಗಿ ನೆನೆದ ರೇಸ್ ಸಿಕ್ಕಿದ್ದು 2021ರಲ್ಲಿ. ಆ ವರ್ಷ ಮುಗಿಸಿದವರ ಮುಖ ಗುರುತಿಸಲು ಅಂಗಿಯ ನಂಬರೂ ನೆರವಾಗಲಿಲ್ಲ, ಅದೂ ಕೆಸರಾಗಿತ್ತು.

ಹೆಂಗಸರ ಪ್ಯಾರಿಸ್–ರೂಬೆ ಮೊದಲ ಸಲ ನಡೆದದ್ದೂ ಅದೇ 2021ರ ಅಕ್ಟೋಬರಿನಲ್ಲಿ. ಲಿಜ್ಜಿ ಡೇಗ್ನನ್ ಮೊದಲ ಕಲ್ಲಿನ ತುಂಡಿಗೂ ಮುಂಚೆಯೇ ಗುಂಪು ಬಿಟ್ಟು, ಎಂಬತ್ತಕ್ಕೂ ಹೆಚ್ಚು ಕಿಲೋಮೀಟರ್ ಒಬ್ಬಳೇ ಓಡಿ ಗೆದ್ದಳು. ಕೈಗವಸು ಹಾಕಿರಲಿಲ್ಲ. ಅಂಗೈ ಸುಲಿದು ಹ್ಯಾಂಡಲಿನ ಪಟ್ಟಿಯ ಮೇಲೆಲ್ಲ ರಕ್ತ. ಇಲ್ಲಿ ಗೆದ್ದವರಿಗೆ ಕೊಡುವ ಬಹುಮಾನವೂ ಅಂಥದೇ ರಸ್ತೆಯ ಒಂದು ಕಲ್ಲು, ಸೈಕಲ್ಲಿಗಿಂತ ಭಾರದ್ದು. ಅದನ್ನು ಅದೇ ಅಂಗೈಗಳಲ್ಲಿ ಎತ್ತಿ ಹಿಡಿದು ಫೋಟೋಕ್ಕೆ ನಗಬೇಕು.